ಗಂಟೆ ತಪ್ಪಿಸುವ ರಾಯವ್ವ

ಬೆಳಗಿನ ಐದೂವರೆ. ಮಿರಜಿನ ಸಿತಾರ ಮಾಡುವವರ ಓಣಿಯ ಹಿಂಬದಿಯಲ್ಲಿ ಯೇಸುವಿನ ತಾಯಿ ಮರಿಯಮ್ಮನ ಪುಟ್ಟ ಗುಡಿಯೊಂದಿದೆ. ಅದರ ಬೀಗ ತೆಗೆಯುವ ಮೊದಲೇ ರಾಯವ್ವ ಕುತ್ತಿಗೆಗೆ ನೇತುಹಾಕಿಕೊಂಡ ಮೊಬೈಲನ್ನು ಎರಡು ಸಲ ನೋಡಿಕೊಂಡಾಗಿದೆ. ಚಾರ್ಜ್ ಇದೆ, ಸದ್ದು ಪೂರ್ತಿ ಏರಿಸಿದೆ. ಒಳಗೆ ಬಂದವರೇ ಪರಮಪ್ರಸಾದದ ಪೆಟ್ಟಿಗೆಯ ಮುಂದೆ ಹಗಲಿರುಳು ಉರಿಯುವ ಕೆಂಪು ಗಾಜಿನ ದೀಪಕ್ಕೆ ಎಣ್ಣೆ ಹಾಕುತ್ತಾರೆ. ಆಮೇಲೆ ಬಾಗಿಲ ಪಕ್ಕದ ಮೊಳೆಯಿಂದ ಖಾಕಿ ಚೀಲ ಇಳಿಸಿ, ಒಳಗಿರುವುದನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ, ಮತ್ತೆ ಅಲ್ಲೇ ತೂಗುಹಾಕುತ್ತಾರೆ. ನಿನ್ನೆ ಸಂಜೆಯೂ ಹೀಗೇ ನೋಡಿದ್ದರು, ಮಧ್ಯಾಹ್ನ ಮತ್ತೊಮ್ಮೆ ನೋಡುತ್ತಾರೆ.

ಆರಕ್ಕೆ ಸರಿಯಾಗಿ ಗಂಟೆಯ ಹಗ್ಗ ಹಿಡಿಯುತ್ತಾರೆ. ಮೂರು ಏಟು, ಒಂದು ನಮೋ ಮರಿಯಾ ಪ್ರಾರ್ಥನೆ ಹೇಳುವಷ್ಟು ಬಿಡುವು. ಮತ್ತೆ ಮೂರು, ಮತ್ತೆ ಮೂರು, ಕೊನೆಗೆ ಬಿಡದೆ ಒಂಬತ್ತು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಹೀಗೆ ಬಾರಿಸುವ ಇದು ತ್ರಿಕಾಲ ಪ್ರಾರ್ಥನೆಯ ಗಂಟೆ. ದೇವದೂತ ಬಂದು ಮರಿಯಮ್ಮನಿಗೆ, ನೀನು ಯೇಸುವಿನ ತಾಯಿಯಾಗುವೆ ಎಂಬ ಸುದ್ದಿ ತಿಳಿಸಿದ ಗಳಿಗೆಯನ್ನು ನೆನೆಯುವ ಹೊತ್ತು. ದಿನಕ್ಕೆ ಐವತ್ತನಾಲ್ಕು ಏಟು. ಅರವತ್ತಮೂರು ವರ್ಷದ ಹೆಂಗಸಿನ ಎಡ ಮೊಣಕಾಲು ಅಷ್ಟಕ್ಕೂ ತಕರಾರು ಮಾಡುತ್ತದೆ, ಆದರೆ ಅದರ ತಕರಾರನ್ನು ಕೇಳಲು ರಾಯವ್ವನಿಗೆ ಪುರಸೊತ್ತಿಲ್ಲ.

ಪುರಸೊತ್ತಿಲ್ಲ ಎನ್ನುವುದು ಸುಮ್ಮನೆ ಬಂದ ಮಾತಲ್ಲ. ಅವರು ಒಂದು ಕಡೆ ನೆಟ್ಟಗೆ ಕೂರುವ ಜೀವವೇ ಅಲ್ಲ. ಕೂತರೂ ಬಾಗಿಲ ಬಳಿಯ ಸ್ಟೂಲಿನ ಮೇಲೆ, ಅರ್ಧ ಕೂತು ಅರ್ಧ ಎದ್ದ ಹಾಗೆ. ಹೊರಗೆ ರಿಕ್ಷಾ ನಿಧಾನವಾದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ಕಣ್ಣು ರಸ್ತೆಗೆ ಹೋಗುತ್ತದೆ. ಭಾನುವಾರ ಫಾದರ್ ಬಂದು ನಡೆಸುವ ಬಲಿಪೂಜೆಯಲ್ಲಿ ಎಲ್ಲರೂ ಮೊಬೈಲಿನ ಬಾಯಿ ಮುಚ್ಚಿಸಬೇಕು, ರಾಯವ್ವನ ಮೊಬೈಲಿಗೆ ಮಾತ್ರ ರಿಯಾಯಿತಿ. ಅದು ಫಾದರ್ ಅವರೇ ಕೊಟ್ಟ ರಿಯಾಯಿತಿ.

ಏಕೆಂದರೆ ಗಂಟೆ, ದೀಪ, ಕಸಗುಡಿಸುವುದು ಇವೆಲ್ಲ ಮೇಲಿನ ಕೆಲಸ. ರಾಯವ್ವನ ನಿಜವಾದ ಕೆಲಸ ಆ ಖಾಕಿ ಚೀಲದಲ್ಲಿದೆ. ಮಿರಜಿನ ಆಸ್ಪತ್ರೆಗಳಿಗೆ ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆಯಿಂದ ದಿನಾ ರೋಗಿಗಳು ಬರುತ್ತಾರೆ. ಅವರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕ್ರೈಸ್ತರು. ಕೊನೆಯ ಹೊತ್ತು ಬಂತೆಂದರೆ ಅವರಿಗೆ ಫಾದರ್ ಬೇಕು, ಪ್ರಾರ್ಥಿಸಿ ಪವಿತ್ರ ಎಣ್ಣೆ ಹಚ್ಚುವ ಅಭ್ಯಂಗ ಬೇಕು. ಫಾದರ್ ಇರುವುದು ಸಾಂಗ್ಲಿಯಲ್ಲಿ. ದಾರಿ ಖಾಲಿ ಇದ್ದರೆ ಬೈಕಿನಲ್ಲಿ ಇಪ್ಪತ್ತೈದು ನಿಮಿಷ, ಮಿರಜ ರಸ್ತೆ ಖಾಲಿ ಇರುವುದು ಯಾವಾಗ ಎಂದು ಮಾತ್ರ ಕೇಳಬೇಡಿ. ಅಲ್ಲಿಯವರೆಗೆ ಹಾಸಿಗೆಯ ಪಕ್ಕ ನಿಂತು, ಕೈ ಹಿಡಿದು, ಕಿವಿಯಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಹೇಳುವವರು ರಾಯವ್ವ. ತಿಂಗಳಿಗೆ ನಾಲ್ಕೈದು ಕರೆ ಬರುತ್ತವೆ. ಯಾವ ದಿನ, ಯಾವ ಗಳಿಗೆ ಎಂದು ಯಾರೂ ಹೇಳಿರುವುದಿಲ್ಲ.

"ನಾ ಎಣ್ಣಿ ಹಚ್ಚಂಗಿಲ್ರಿ, ಅದು ಫಾದರ್ ಅವರ ಕೆಲಸ. ನಂದು ನಿಂದ್ರೂದು. ಶಿಲುಬಿ ಬುಡಕ್ಕ ಅವ್ವ ಏನ ಮಾಡಿದ್ಲು? ಔಷಧ ಕೊಟ್ಲಾ? ಇಲ್ಲ. ನಿಂತಿದ್ಲು. ಅಷ್ಟ" ಎನ್ನುತ್ತಾರೆ. ಅವ್ವ ಎಂದರೆ ಮರಿಯಮ್ಮ. ಬಾಗಿಲ ಪಕ್ಕದ ಗೂಡಿನಲ್ಲಿರುವ ಅವಳ ವಿಗ್ರಹದ ಜೊತೆ ರಾಯವ್ವ ದಿನಕ್ಕೆ ಹತ್ತು ಸಲವಾದರೂ ಮಾತಾಡುತ್ತಾರೆ, ಅದರಲ್ಲಿ ಎರಡು ಸಲ ಜಗಳ.

ಚೀಲದಲ್ಲಿರುವುದು ಒಗೆದು ಮಡಚಿದ ಬಿಳಿ ಬಟ್ಟೆ, ಮರದ ಶಿಲುಬೆ, ತೀರ್ಥದ ಶೀಶೆ, ಹತ್ತಿ, ಜಪಸರ, ಎರಡು ಮೇಣದ ಬತ್ತಿ. ಐಸಿಯುನಲ್ಲಿ ಕಡ್ಡಿ ಗೀರಲು ಹೋಗಿ ಒಮ್ಮೆ ಸಿಸ್ಟರಿಂದ ಸರಿಯಾಗಿ ಬೈಸಿಕೊಂಡ ಮೇಲೆ, ದೀಪಾವಳಿಗೆ ಮಾರುವ ಬ್ಯಾಟರಿ ಪಣತಿಯೊಂದೂ ಸೇರಿಕೊಂಡಿದೆ. "ಚೀನಾದ್ದಂತ್ರಿ. ದೇವರಿಗೆ ಗೊತ್ತಾಗ್ತೈತಿ, ಬಿಡ್ರಿ" ಎಂದು ನಗುತ್ತಾರೆ.

ರಾಯವ್ವನ ಮನೆತನ ಅಥಣಿ ಕಡೆಯದು, ಅಜ್ಜನ ಕಾಲದಲ್ಲೇ ದೀಕ್ಷಾಸ್ನಾನ ಪಡೆದು ಕ್ರೈಸ್ತವಾದದ್ದು. ಗುಡಿಯ ದಫ್ತರದಲ್ಲಿ ಅವರ ಹೆಸರು ರೀಟಾ ಎಂದಿದೆ, ಆ ಹೆಸರಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ. ಮಿರಜ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಗೆ ಮೂಟೆ ಹೊರಲು ಬಂದ ಅಪ್ಪನ ಕೈ ಹಿಡಿದು ಈ ಊರಿಗೆ ಬಂದರು. ಇಪ್ಪತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿದರು. ಬೆನ್ನು ಕೈಕೊಟ್ಟಾಗ ಅದನ್ನು ಬಿಟ್ಟು ಗುಡಿಯ ಕೀಲಿಕೈ ಹಿಡಿದರು, ಅದಕ್ಕೀಗ ಹದಿನೇಳು ವರ್ಷ. ಗಂಡ ತೀರಿಕೊಂಡಿದ್ದಾರೆ. ಕೃಷ್ಣಾ ನದಿಯಾಚೆ ಸಾಂಗ್ಲಿವಾಡಿಯಲ್ಲಿರುವ ಮಗಳು ತನ್ನ ಮನೆಗೆ ಬಂದಿರು ಎಂದು ಕರೆದು ಕರೆದು ಸೋತಿದ್ದಾಳೆ. "ಹ್ವಾದ ಕ್ರಿಸ್‌ಮಸ್ಸಿಗೆ ಹೋಗಿದ್ನ್ಯಲ್ರಿ. ಚೀಲಾ ತಗೊಂಡ ಹೋಗಿದ್ದೆ. ಉಣ್ಣಾಕ ಕುಂತ್ರ ಊಟ ಇಳೀವಲ್ದು. ಸೇತುವೆ ಮ್ಯಾಲೆ ಗಾಡಿ ನಿಂತ್ರ ಆಸ್ಪತ್ರಿ ಹೆಂಗ ಮುಟ್ಟಲಿ ಅಂತ. ಮೂರು ತಾಸಿಗೆ ತಿರುಗಿ ಬಂದೆ."

ಗುಡಿಯ ಎದುರಿನ ಕಿರಾಣಿ ಅಂಗಡಿಯ ಗುರಲಿಂಗ ಅವರು ಹಣೆಗೆ ವಿಭೂತಿ ಹಚ್ಚಿಕೊಂಡೇ ಗಲ್ಲಾದ ಮೇಲೆ ಕೂರುವವರು. ಅವರ ಮಧ್ಯಾಹ್ನದ ಊಟ ಮಾತ್ರ ಮರಿಯಮ್ಮನ ಗಂಟೆಗೆ. ಓಣಿಯವರಿಗೆಲ್ಲ ರಾಯವ್ವ ಮಾವಶಿ, ಅಂದರೆ ಮರಾಠಿಯ ಚಿಕ್ಕಮ್ಮ. "ಹಿಂದಕ ಈ ಗಂಟಿ ನೋಡಿ ನಾವು ಗಡಿಯಾರ ತಿದ್ಕೋತಿದ್ವಿ. ಈಗ ಮಾವಶಿ ಬೇಕಾದಾಗ ತಪ್ಪಸ್ತಾರ. ಹೋದ ವರ್ಷ ಮೂವತ್ತೊಂದು ಸಲ ತಪ್ಪೈತಿ, ನಾ ಎಣಿಸೇನಿ" ಎಂದು ದೂರುತ್ತಾರೆ. ದೂರಿದ ಮೇಲೆ ದನಿ ತಗ್ಗಿಸುತ್ತಾರೆ. "ಗಂಟಿ ಆಗಲಿಲ್ಲಂದ್ರ ಗಿರಾಕಿಗೆ ಹೇಳ್ತೇನ್ರಿ, ಆಸ್ಪತ್ರಿಯೊಳಗ ಯಾರದೋ ಹೊತ್ತು ಬಂದೈತಿ, ಮಾವಶಿ ಅಲ್ಲಿ ಹೋಗ್ಯಾರ ಅಂತ."

ಮೊದಲ ಹನ್ನೊಂದು ವರ್ಷ ಒಂದು ಹೊತ್ತೂ ತಪ್ಪಿರಲಿಲ್ಲ. ಕೃಷ್ಣೆ ಸಾಂಗ್ಲಿಯ ಬೀದಿಗೆ ನುಗ್ಗಿದ ದಿನಗಳಲ್ಲೂ, ಗಂಡನನ್ನು ಮಣ್ಣು ಮಾಡಿ ಬಂದ ಸಂಜೆಯೂ ಗಂಟೆ ಆಗಿತ್ತು. ಆ ಹೆಮ್ಮೆ ತಮಗಿತ್ತು ಎಂದು ರಾಯವ್ವ ಮುಚ್ಚಿಡುವುದಿಲ್ಲ. ಆರು ವರ್ಷದ ಹಿಂದೆ, ಜಪಸರದ ತಿಂಗಳಾದ ಅಕ್ಟೋಬರಿನಲ್ಲಿ, ಸುಮನ ಎಂಬ ಹೆಣ್ಣುಮಗಳು ಗುಡಿಗೆ ಓಡಿಬಂದಳು. ಹನ್ನೆರಡಕ್ಕೆ ಹದಿನೈದು ನಿಮಿಷವಿತ್ತು. ಅವಳ ತಾಯಿ ಇಂದುಬಾಯಿ ಊರಿನಿಂದ ಬಂದು ವಾರ್ಡಿನಲ್ಲಿ ಮಲಗಿದ್ದರು, ನಮೋ ಮರಿಯಾ ಹೇಳಿಸಿರಿ ಎಂದು ಕೇಳುತ್ತಿದ್ದರು.

"ಹತ್ತು ನಿಮಿಷ ಕುಂದ್ರ ತಂಗಿ, ಗಂಟಿ ಹೊಡದ ಬಂದ್ಬಿಡ್ತೇನಿ ಅಂದೆ" ಎನ್ನುತ್ತಾರೆ ರಾಯವ್ವ. ಎದ್ದು ನಿಲ್ಲುತ್ತಾರೆ, ಏನೂ ಇಲ್ಲದ ಬೆಂಚನ್ನು ಒರೆಸುತ್ತಾರೆ. "ಆ ಹುಡುಗಿ ಇದ ಬೆಂಚಿನ ಮ್ಯಾಲೆ ಕುಂತಿತ್ತು. ನಾ ಹನ್ನೆರಡಾಗೂತನಕ ಕಾದೆ. ಹದಿನೆಂಟೂ ಏಟು ಹೊಡದೆ. ಒಂದೂ ಬಿಡಲಿಲ್ಲ. ಹೋಗಿ ನೋಡಿದ್ರ ಮಾರಿ ಮ್ಯಾಲೆ ಚಾದರ ಎಳದಿದ್ರು." ಸುಮನ ಬೈಯಲಿಲ್ಲ, ಅಳಲಿಲ್ಲ. ತಾಯಿಯನ್ನು ಆಂಬುಲೆನ್ಸಿನಲ್ಲಿ ಊರಿಗೆ ಒಯ್ದಳು. ಬೈದಿದ್ದರೆ ಒಳ್ಳೆಯದಿತ್ತು ಎಂದು ರಾಯವ್ವನಿಗೆ ಇವತ್ತಿಗೂ ಅನಿಸುತ್ತದೆ. ಅದರ ನೋವು ಇನ್ನೂ ಆರಿಲ್ಲ.

"ದೇವದೂತ ಏನ ಹೇಳಿ ಕೇಳಿ ಬಂದಿದ್ನೇನ್ರಿ? ಅವ್ವ ರೊಟ್ಟಿ ಬಡೀತಿದ್ಲೋ, ಮುಸರಿ ತಿಕ್ಕತಿದ್ಲೋ. ಕೈಯಾಗಿಂದು ಬಿಟ್ಟು ಹೂಂ ಅಂದ್ಲು. ಅದರ ನೆನಪಿಗೇ ಈ ಗಂಟಿ. ನಾ ಗಂಟಿ ಹಿಡಕೊಂಡು ಕುಂತೆ, ಕರದವರ ಕಡೆ ಹೋಗಲಿಲ್ಲ." ಅಂದಿನಿಂದ ಅವರದೊಂದು ಕಟ್ಟಳೆ. ಕರೆ ಬಂದರೆ ಮೊದಲು ಫಾದರ್‌ಗೆ ಫೋನು, ಆಮೇಲೆ ಚೀಲ, ಆಮೇಲೆ ಚಪ್ಪಲಿ. ಗಂಟೆ ಎಲ್ಲಕ್ಕಿಂತ ಕೊನೆಗೆ. ಗುಡಿಯ ಕಮಿಟಿಯವರು ಒಮ್ಮೆ ಆಕ್ಷೇಪ ಎತ್ತಿದಾಗ ಫಾದರ್ ನಕ್ಕು, ಹಗ್ಗ ಎಳೆಯಲು ನಿಮ್ಮಲ್ಲಿ ಯಾರು ಬರುತ್ತೀರಿ ಎಂದು ಕೇಳಿದರಂತೆ. ಯಾರೂ ಬರಲಿಲ್ಲ.

ಇವತ್ತು ಶನಿವಾರ, ಮರಿಯಮ್ಮನ ವಾರ. ವಿಗ್ರಹದ ಮುಂದಿನ ಹೂದಾನಿ ತೊಳೆಯುತ್ತಿರುವಾಗ ಕುತ್ತಿಗೆಯ ಮೊಬೈಲು ಅರಚುತ್ತದೆ. ಹನ್ನೊಂದು ನಲವತ್ತಾರು. ವಾರ್ಡಿನ ಆಯಾ ರೂಪಾಲಿ ಮರಾಠಿಯಲ್ಲಿ ಅವಸರಿಸುತ್ತಾಳೆ: "ಮಾವಶಿ, ಲವಕರ ಯಾ!" ಬೇಗ ಬರಬೇಕು, ಕನ್ನಡದ ಪೇಶಂಟು, ಮಗಳು ಒಬ್ಬಳೇ ಅಳುತ್ತಿದ್ದಾಳೆ. "ಆಲೇ, ಆಲೇ", ಬಂದೆ ಬಂದೆ ಎನ್ನುತ್ತ ರಾಯವ್ವ ಒದ್ದೆ ಕೈಯಲ್ಲೇ ಫಾದರ್ ನಂಬರು ಒತ್ತುತ್ತಾರೆ. ಚೀಲ ಹೆಗಲಿಗೆ ಬರುತ್ತದೆ. ಗಂಟೆಯ ಹಗ್ಗ ದಾಟಿ ಹೋಗುವಾಗ ಅದರ ಕಡೆ ನೋಡುವುದಿಲ್ಲ. ರಿಕ್ಷಾದಲ್ಲಿ ಸೀಟಿನ ಅಂಚಿಗೆ ಕೂತು, ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೆಲ್ಲ ಜಪಸರದ ಮಣಿಯನ್ನು ಮುರಿದೇಬಿಡುವಂತೆ ಒತ್ತುತ್ತಾರೆ. ತಡವಾದರೆ ಎಂಬ ಒಂದೇ ಚಿಂತೆ.

ಹನ್ನೊಂದು ಐವತ್ತೇಳಕ್ಕೆ ವಾರ್ಡು ಮುಟ್ಟುತ್ತಾರೆ. ಹಾಸಿಗೆಯಲ್ಲಿ ಮಾರೆಪ್ಪ ಎಂಬ ಮುದುಕರು. ಚಾದರ ಎದೆಯವರೆಗೆ ಮಾತ್ರ ಇದೆ, ಎದೆ ಇನ್ನೂ ಏಳುತ್ತಿದೆ. ರಾಯವ್ವ ಅವರ ಕೈ ಹಿಡಿದು, ಕಿವಿಯ ಹತ್ತಿರ ಬಾಗಿ, ನಮೋ ಮರಿಯಾ ಶುರು ಮಾಡುತ್ತಾರೆ. ಮೂರನೆಯ ಸಲಕ್ಕೆ, ಮರಣದ ಸಮಯದಲ್ಲಿ ನಮಗಾಗಿ ಬೇಡಿಕೋ ಎನ್ನುವ ಕಡೆ ಬಂದಾಗ, ಮುದುಕರ ತುಟಿ ಅಲ್ಲಾಡುತ್ತದೆ. ಹನ್ನೆರಡೂಕಾಲಿಗೆ ಫಾದರ್ ಬಂದು ಹಣೆಗೆ, ಅಂಗೈಗೆ ಎಣ್ಣೆ ಹಚ್ಚುತ್ತಾರೆ.

ಎಲ್ಲ ಮುಗಿದ ಮೇಲೆ ಕಾರಿಡಾರಿನಲ್ಲಿ, ಮಾರೆಪ್ಪನವರ ಮಗಳ ಕೈಯಲ್ಲಿ ತಮ್ಮ ನಂಬರಿನ ಚೀಟಿ ಕಂಡು ರಾಯವ್ವ ಕೇಳುತ್ತಾರೆ, "ನನ್ನ ಫೋನ್ ನಂಬರ್ ಎಲ್ಲಿ ಸಿಕ್ತಬೇ ನಿನಗ? ರೂಪಾಲಿ ಕೊಟ್ಲಾ?"

"ಇಲ್ರಿ, ನಾನ ರೂಪಾಲಿ ಅಕ್ಕಾರ ಕೈಯಾಗ ಕೊಟ್ಟು ಹಚ್ಚಿಸಿದ್ನಿ. ನಮ್ಮೂರ ಸುಮನಕ್ಕ ಚೀಟಿ ಬರದ ಕೊಟ್ಟಿದ್ಲು. ಮಿರಜಿಗೆ ಹೊಂಟವರಿಗೆಲ್ಲಾ ಕೊಡ್ತಾಳ್ರಿ. ಗಂಟಿ ಹೊತ್ತಾಗಿದ್ರೂ ಅಂಜಬ್ಯಾಡ, ಫೋನ್ ಮಾಡು, ಬಂದ ಬರ್ತಾಳ ಅಂದ್ಲು."

ಮಿರಜಿಗೆ ಬಂದು ಹೋದವರಿಂದ, ರಾಯವ್ವ ಈಗ ಗಂಟೆ ಬಿಟ್ಟು ಓಡಿಬರುತ್ತಾರೆಂಬ ಸುದ್ದಿಯೂ ನಂಬರೂ ಸುಮನಳಿಗೆ ಮುಟ್ಟಿರಬೇಕು. ರಾಯವ್ವ ಗೋಡೆಗೆ ಒರಗಿ ನಿಲ್ಲುತ್ತಾರೆ. ಬೆಳಗಿನಿಂದ ಮೊದಲ ಸಲ ಅವರ ಕಣ್ಣು ಬಾಗಿಲ ಕಡೆಗಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಎಷ್ಟು ಒರೆಸಿದರೂ ನೀರು ನಿಲ್ಲುವುದಿಲ್ಲ.

ಹನ್ನೆರಡರ ಗಂಟೆ ಇವತ್ತು ಒಂದೂವರೆಗೆ ಆಗುತ್ತದೆ. ಗುರಲಿಂಗ ಅಂಗಡಿಯ ಮೆಟ್ಟಿಲಿಗೆ ಬಂದು, ಗಂಟೆಗೆ ಕಾಯದೆ ಉಂಡ ಕೈ ಒರೆಸಿಕೊಳ್ಳುತ್ತ, "ಜೀವ ಇದ್ದಾಗ ಸಿಕ್ರೇನ್ರಿ ಮಾವಶಿ?" ಎಂದು ಕೂಗಿ ಕೇಳುತ್ತಾರೆ. "ಸಿಕ್ರು" ಎನ್ನುತ್ತಾರೆ ರಾಯವ್ವ. ಖಾಕಿ ಚೀಲ ಇಳಿಸಿ, ಖರ್ಚಾದ ಹತ್ತಿಯ ಜಾಗಕ್ಕೆ ಹೊಸದು ಇಟ್ಟು, ಮತ್ತೆ ಮೊಳೆಗೆ ಹಾಕುತ್ತಾರೆ.

ನಿಮಗೇನಾದರೂ ಬೇಕೇ ಎಂದು ಕೇಳಿದರೆ, ಮೊಣಕಾಲಿನ ಆಪರೇಷನ್ನು, ಹೊಸ ಹಗ್ಗ, ಯಾವುದೂ ಬಾಯಿಗೆ ಬರುವುದಿಲ್ಲ.

"ನನ್ನ ಹೊತ್ತೂ ಒಂದಿನ ಬರ್ತದಲ್ರಿ. ಆವತ್ತ ಯಾರೂ ಗಂಟಿ ಹೊಡಿಯೂದಕ್ಕ ನಿಂದ್ರಬ್ಯಾಡ್ರಿ. ಒಬ್ರು ಬಂದು ಕೈ ಹಿಡೀರಿ. ಗಂಟಿ ತಡಾ ಆದ್ರ ನಡೀತೈತಿ."