ವಜಾ ಆದ ಕೇಸು, ಕೂರದ ಗುಮಾಸ್ತ

ಗುಮಾಸ್ತ ಸಿದ್ದಣ್ಣ ಕೋರ್ಟಿನ ವರಾಂಡದಲ್ಲಿ ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ನಮ್ಮ ವಕೀಲರ ಕಾಗದದ ಕಟ್ಟು ಕಂಕುಳಲ್ಲಿ, ಕಿವಿ ಬಾಗಿಲ ಕಡೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರುವರು. ಟೀ ಕುಡಿಯುವುದೂ ನಿಂತೇ. ಎಳವಯಸ್ಸಿನಲ್ಲಿ ಒಮ್ಮೆ ಬೋಂಡಾ ತಿನ್ನಲು ಕೂತಿದ್ದರಂತೆ. ಅಷ್ಟರಲ್ಲಿ ಜವಾನ ಹೆಸರು ಕೂಗಿದ್ದು ಕೇಳಿಸದೆ ಒಬ್ಬ ಮುದುಕಿಯ ಕೇಸು ವಜಾ ಆಗಿಹೋಯಿತಂತೆ. ಆ ತಾಯಿ ಒಂದು ಮಾತು ಬೈಯಲೂ ಇಲ್ಲವಂತೆ. ಈ ಕತೆಯನ್ನು ಹೊಸ ಕಕ್ಷಿಗಾರರಿಗೆಲ್ಲ ಹೇಳಿ ಹೆದರಿಸುತ್ತಿದ್ದರು.

ನನ್ನನ್ನು ಹೆದರಿಸಬೇಕಾಗಿಯೇ ಇರಲಿಲ್ಲ. ಓಮಲೂರಿನ ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ಟೀಚರು ನಾನು, ಮೆಟ್ಟೂರಿನ ಕೋರ್ಟು ಮೆಟ್ಟಿಲು ಹತ್ತುವಾಗ ಅವ್ವನ ಸೆರಗು ಹಿಡಿಯುತ್ತಿದ್ದೆ. ಸಿದ್ದಣ್ಣ ನಗುತ್ತಿದ್ದರು. "ಭಯ ಐತಾ ಪಾಪಾ? ಇರ್ಲಿ ಬುಡು. ಭಯ ಇರೋರೇ ಒತ್ತಿಗೆ ಸರ್ಯಾಗಿ ಬರಾದು."

ಕೇಸು ಬಾವಿಯದು. ಕೊಳತ್ತೂರಿನ ಹತ್ತಿರ ಅಪ್ಪ ಬಿಟ್ಟುಹೋದ ಒಂದೂವರೆ ಎಕರೆ, ಅದರ ಮೂಲೆಯಲ್ಲಿ ಒಂದು ಬಾವಿ. ಅಪ್ಪ ತೀರಿಕೊಂಡ ವರ್ಷವೇ ಚಿಕ್ಕಪ್ಪ ಬೇಲಿ ಸರಿಸಿ ಬಾವಿ ತನ್ನದೆಂದ. ನೀರಿಲ್ಲದ ಮೇಲೆ ಅಲ್ಲಿ ಅವ್ವ ಏನು ಬೆಳೆದಾಳು? ದಾವೆ ಹಾಕಿದಳು. ಎರಡು ಸಲ ಮೊಣಕಾಲು ನೋವೆಂದು ವಾಯಿದೆ ತೆಗೆದುಕೊಂಡಾಗಿತ್ತು. ಮುಂದಿನ ಸಲ ಬಂದು ಸಾಕ್ಷಿ ಹೇಳಲೇಬೇಕು, ಇದೇ ಕೊನೆ ಎಂದು ಜಡ್ಜು ಹೇಳಿದ್ದರು.

ಆ ವಾಯಿದೆಯ ದಿನ ಬೆಳಗಿನ ಜಾವವೇ ಪಾಲಮಲೆಯಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ನಾವಿಬ್ಬರೂ ಬೆಟ್ಟ ಹತ್ತಿದೆವು. ಹೆಣ ಎತ್ತುವ ತನಕ ಮನೆಯವರು ಊರ ಗಡಿ ದಾಟುವಂತಿಲ್ಲ. ಅಲ್ಲಿ ಫೋನಿಗೆ ಸಿಗ್ನಲ್ಲೂ ಸಿಗುವುದಿಲ್ಲ. ವಕೀಲರು ಹೇಗಾದರೂ ನೋಡಿಕೊಳ್ಳುತ್ತಾರೆ ಎಂದುಕೊಂಡೆ. ಇಳಿದು ಬಂದ ಮೇಲೆ ಸೂತಕ. ಕೇಸಿನ ಕಾಗದವೆಲ್ಲ ದೇವರ ಗೂಡಿನ ಕೆಳಗಿನ ಟ್ರಂಕಿನಲ್ಲಿ. ಹದಿನಾರನೆಯ ದಿನದ ಕಾರ್ಯ ಮುಗಿಯದೆ ಅದನ್ನು ಮುಟ್ಟಬಾರದು ಎಂದಳು ಅವ್ವ. ಬಿಎಡ್ ಓದಿದ ನಾನೂ ಹೂಂ ಎಂದೆ. ನಿಜ ಹೇಳಬೇಕೆಂದರೆ ಸೂತಕ ನನಗೆ ನೆಪ. ಸಿದ್ದಣ್ಣನ ಹೆಸರು ಫೋನಿನಲ್ಲಿ ಕಂಡಾಗಲೆಲ್ಲ ಹೆದರಿ ಅದನ್ನು ಕವುಚಿ ಇಡುತ್ತಿದ್ದೆ; ಒಂದು ಸಲವೂ ಎತ್ತಲಿಲ್ಲ.

ಹದಿನೇಳನೆಯ ದಿನ ಅವರೇ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಕೇಸು ವಜಾ ಆಗೈತೆ ಅಕ್ಕಾ," ಎಂದರು ಅವ್ವನಿಗೆ. ಮತ್ತೆ ನಡೆಸಿ ಎಂದು ಕೇಳಲು ಮೂವತ್ತು ದಿನ ಮಾತ್ರ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಕಳೆದಿದೆ, ಅದೂ ಹೋದರೆ ಇದೇ ಬಾವಿಗೆ ಇನ್ನೊಂದು ದಾವೆ ಹಾಕುವಂತಿಲ್ಲ ಎಂದು ಬಿಡಿಸಿ ಹೇಳಿದರು. ಅವ್ವ ನನ್ನ ಮುಖ ನೋಡಿದಳು. ನಾನು ಫೋನು ಎತ್ತದ ವಿಷಯ ಆಗ ಅವಳಿಗೆ ಗೊತ್ತಾಯಿತು.

ಮಾರನೆಯ ದಿನ ನಾನು ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬೆಟ್ಟದ ಮೇಲಿನ ಸಾವಿಗೆ ಸರ್ಕಾರಿ ಕಾಗದ ಇನ್ನೂ ಬಂದಿರಲಿಲ್ಲ. ಜಡ್ಜು ನಂಬದಿದ್ದರೆ? ಹೆದರಿ ಹೆದರಿ, ಅವ್ವನಿಗೆ ಅಂದು ಜ್ವರವಿತ್ತೆಂದು ಒಬ್ಬ ಡಾಕ್ಟರ ಹತ್ತಿರ ಸರ್ಟಿಫಿಕೇಟು ಬರೆಸಿಕೊಂಡು ಕೋರ್ಟಿಗೆ ಹೋದೆ. ಸಿದ್ದಣ್ಣ ಅದನ್ನು ಪೂರ್ತಿ ಓದಿ, ಮಡಿಸಿ, ನನ್ನ ಕೈಗೇ ಇಟ್ಟರು.

"ಸುಳ್ಳೇಳಿದ್ರೆ ಅದುಕ್ಕೆ ದಿನಾಲೂ ಕಾವ್ಲು ಕಾಯ್ಬೇಕು ಪಾಪಾ. ನೀನು ಒಂದು ಫೋನೇ ಎತ್ತಾಕಿಲ್ಲ, ಕಾವ್ಲು ಎಂಗೆ ಕಾಯ್ತೀಯಾ? ಸಾವಾಗೈತೆ, ಅದನ್ನೇ ಬರ್ಯಾನ."

ಕಾರ್ಯ ಮಾಡಿದವರು ಯಾರು ಎಂದಷ್ಟೇ ಜೊತೆಗೆ ಬಂದಿದ್ದ ಅವ್ವನನ್ನು ಕೇಳಿದರು. ದೊಡ್ಡಪ್ಪನಿಗೆ ಗಂಡುಮಕ್ಕಳಿಲ್ಲ, ಚಿಕ್ಕಪ್ಪನೇ ಮಾಡಿದ್ದು ಎಂದಳು ಅವ್ವ. ಸರಿ ಎಂದು ವಕೀಲರಿಗೆ ಬರೆಯಲು ಕೊಟ್ಟರು. ಸೂತಕದ ವಿಷಯ, ನಾನು ಹೆದರಿ ಫೋನು ಎತ್ತದ ವಿಷಯ, ಎಲ್ಲವೂ ಅರ್ಜಿಯಲ್ಲಿ ಬಂತು. ಗಡುವು ಮುಗಿಯಲು ನಾಲ್ಕು ದಿನವಿರುವಾಗ ಅದನ್ನು ಒಳಗೆ ಕೊಟ್ಟರು.

ವಿಚಾರಣೆಯ ದಿನ ಬಂತು. ಹಿಂದಿನ ವಾಯಿದೆಯ ದಿನ ಯಾವ ಸಾವೂ ಆಗಿಲ್ಲ, ಇವರು ಬೇಕೆಂದೇ ಬರಲಿಲ್ಲ ಎಂದು ಚಿಕ್ಕಪ್ಪನ ವಕೀಲರು ಬರೆದುಕೊಟ್ಟಿದ್ದರು. ಕೆಳಗೆ ಚಿಕ್ಕಪ್ಪನ ಸಹಿ. ಹೆಸರು ಕೂಗಿದರು. ಚಿಕ್ಕಪ್ಪ ತಲೆಗೆ ಟವಲು ಸುತ್ತಿಕೊಂಡು ಒಳಗೆ ಬಂದ. ತೆಗೆ ಎಂದ ಜವಾನ. ತೆಗೆಯದೆ ವಿಧಿಯಿರಲಿಲ್ಲ. ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಮೊಳೆಯುತ್ತಿತ್ತು.

ಜಡ್ಜು ಕಾಗದ ಕೆಳಗಿಟ್ಟು, ಈ ತಲೆ ಯಾವಾಗ ಬೋಳಿಸಿದ್ದು, ಯಾರಿಗೆ ಎಂದು ತಮಿಳಿನಲ್ಲಿ ಕೇಳಿದರು. ದೇವರ ಹರಕೆ ಎಂದುಬಿಟ್ಟರೆ ನಾವು ಮುಗಿದೆವು. ನಾನು ಕಣ್ಣು ಮುಚ್ಚಿಕೊಂಡೆ.

"ಎಂಗ ಅಣ್ಣನುಕ್ಕು, ಸಾಮಿ," ಎಂದ ಚಿಕ್ಕಪ್ಪ. ನಮ್ಮಣ್ಣನಿಗೆ. ಆಮೇಲೆ ಆ ಟವಲಿನಲ್ಲೇ ಮುಖ ಒರೆಸಿಕೊಂಡ.

ಕೇಸು ಮತ್ತೆ ಜೀವ ಹಿಡಿಯಿತು. ಹೊರಗೆ ಬಂದು ನಾನು ಅಳುತ್ತ ಕಾಲಿಗೆ ಬೀಳಹೋದರೆ ಸಿದ್ದಣ್ಣ ಗದರಿದರು. "ಗೆದ್ದಿಲ್ಲ ಕಣಮ್ಮಾ, ಉಳ್ಕೊಂಡೈತೆ ಅಷ್ಟೆ. ಇನ್ ಮ್ಯಾಲೆ ಕೂಗ್ದಾಗ ಇರ್ಬೇಕು."

ಹೋದ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಎದುರು ವಕೀಲರು ಅವ್ವನ ಪಾಟೀಸವಾಲು ಮಾಡಬೇಕಿದ್ದ ದಿನ, ಮೆಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ವಕೀಲರ ಫೋನು ಬಂತು. ಈಗ ನಾನು ಎಲ್ಲ ಫೋನನ್ನೂ ಎತ್ತುತ್ತೇನೆ. ಸಿದ್ದಣ್ಣ ಬೆಳಿಗ್ಗೆ ತೀರಿಹೋದರಂತೆ, ಹನ್ನೆರಡಕ್ಕೆ ಹೆಣ ಎತ್ತುತ್ತಾರಂತೆ. ಅವರ ಮನೆ ಓಮಲೂರಿನಲ್ಲಿ. ಓಮಲೂರಿನ ಬಸ್ಸು ಎದುರಿಗೇ ನಿಂತಿತ್ತು.

"ಆ ಪುಣ್ಯಾತ್ಮನ ಮೊಕ ನೋಡ್ದೆ ಎಂಗವ್ವಾ?" ಎಂದು ಅವ್ವ ಅತ್ತ ನಡೆದಳು. ನಾನು ಅವಳ ತೋಳು ಹಿಡಿದು ಎಳೆದೆ. ಮತ್ತೆ ವಜಾ ಆದರೆ ಬಾಗಿಲಿಗೆ ಬಂದು ಹೇಳುವವರೂ ಇಲ್ಲವಲ್ಲ! ಅವಳನ್ನು ಕೋರ್ಟಿಗೆ ಕರೆದುಕೊಂಡು ಹೋದೆ.

ಹನ್ನೊಂದೂವರೆಗೆ ಕೂಗಿದರು. ಎದುರು ವಕೀಲರು ತಯಾರಾಗಿ ಬಂದಿಲ್ಲವೆಂದು ಎರಡೇ ನಿಮಿಷದಲ್ಲಿ ವಾಯಿದೆ ಹಾಕಿದರು. ಓಡಿ ಬಸ್ಸು ಹಿಡಿದೆವು. ಓಮಲೂರು ಮುಟ್ಟುವಷ್ಟರಲ್ಲಿ ಎತ್ತಿಬಿಟ್ಟಿದ್ದರು. ಅಂಗಳಕ್ಕೆ ನೀರು ಹಾಕುತ್ತಿದ್ದರು. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಅವ್ವನನ್ನು ಗುರುತು ಹಿಡಿದು, ಇವತ್ತು ನಿಮ್ಮ ವಾಯಿದೆ ಅಲ್ಲವೇ ಎಂದರು.

"ಕೂಗ್ದಾಗ ಇದ್ರಾ ಅಕ್ಕಾ?"

"ಇದ್ವಿ ತಾಯಿ," ಎಂದಳು ಅವ್ವ. ಆಮೇಲೆ ಅವರ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಳು.