ಪುಟ್ಟಸ್ವಾಮಣ್ಣನ ಕೈ ತಪ್ಪು

ಪುಟ್ಟಸ್ವಾಮಣ್ಣ ಫೋಟೋ ಕತ್ತರಿಸಿದ ಮೇಲೆ ಉಳಿದ ಚೂರನ್ನು ಎಂದೂ ಬಿಸಾಡಿದವರಲ್ಲ. ಆಲೂರಿನ ತಾಲ್ಲೂಕು ಕಚೇರಿ ಎದುರಿಗೆ ಅವರ ಸ್ಟುಡಿಯೋ. ಯಾರಾದರೂ ತೀರಿಕೊಂಡರೆ ಮನೆಯವರು ಯಾವುದೋ ಮದುವೆಯ ಗುಂಪು ಫೋಟೋ ತಂದು, ಸತ್ತವರ ಮುಖ ತೋರಿಸಿ, ತಿಥಿಯೊಳಗೆ ಕಟ್ಟು ಹಾಕಿಸಿಕೊಡಿ ಅನ್ನುತ್ತಿದ್ದರು. ಅಣ್ಣ ಅದರ ಇನ್ನೊಂದು ಪ್ರತಿ ತೆಗೆದು, ಬ್ಲೇಡಿನಲ್ಲಿ ಆ ಮುಖ ಬಿಡಿಸಿ, ಮಿಕ್ಕವರನ್ನೆಲ್ಲ ಕವರಿಗೆ ಹಾಕಿ ಕೊಡುತ್ತಿದ್ದರು. "ಇವ್ರೆಲ್ಲ ಬದುಕಿರೋರು ಕಣೋ. ಕಸದ ಬುಟ್ಟಿಗೆ ಹಾಕಕಾಯ್ತದಾ?"

ಸ್ಟುಡಿಯೋಗೆ ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರ್ ಬಂದವು. ಹಿಂದೆಯೇ ನಾನೂ ಕೆಲಸಕ್ಕೆ ಬಂದೆ. ಹಾಸನದಲ್ಲಿ ಆರು ತಿಂಗಳು ಪಿಎಚ್‌ಪಿ ಅನ್ನುವ ಕಂಪ್ಯೂಟರ್ ಭಾಷೆ ಕಲಿತ ಕೊಬ್ಬು ಬೇರೆ. ಸ್ಟುಡಿಯೋಗೊಂದು ವೆಬ್‌ಸೈಟ್ ಮಾಡಿ, ಅದಕ್ಕೆ ಹೊಂದಲೆಂದು ಅಡ್ಡ ಫೋಟೋಗಳ ಎರಡೂ ಬದಿ ಸಮನಾಗಿ ಕತ್ತರಿಸಿ ಚೌಕ ಮಾಡುವ ಕೋಡ್ ಬರೆದೆ. ಆನೇಮಹಲ್‌ನ ಒಂದು ಮದುವೆಯ ಫೋಟೋಗಳೆಲ್ಲ ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಚೌಕವಾಗಿದ್ದವು.

ಅಣ್ಣ ಕನ್ನಡಕ ಏರಿಸಿ ನೋಡಿದರು. "ಅಲ್ಲ ಮಾರಾಯ, ಕತ್ತರಿಸಿದ್ ಚೂರು ಎಲ್ಲೈತೆ?"

"ಎಲ್ಲೂ ಇಲ್ಲ ಅಣ್ಣ. ಇದೇನು ಕಾಗದವಾ?"

"ಹಂಗಾದ್ರೆ ಒಂದೊಂದನ್ನೂ ನೋಡ್ಬುಟ್ಟು ಕತ್ತರಿಸು."

ನಾನು ನೋಡಲಿಲ್ಲ. ಕತ್ತರಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಬೇಕಿತ್ತು. ನನ್ನ ಕೋಡ್ ಮೂಲ ಫೋಟೋದ ಮೇಲೆಯೇ ಉಳಿಸಿ, ಮೂಲವನ್ನೇ ಅಳಿಸಿಹಾಕಿತ್ತು. ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗೆಂದು ಆಗಲೇ ಖಾಲಿ ಮಾಡಿದ್ದೆ.

ಎರಡು ತಿಂಗಳ ಮೇಲೆ ಹೊಂಗಡಹಳ್ಳದಿಂದ ಗಿರಿಜಮ್ಮ ಬಂದರು. ಮಗಳು ಜ್ವರದಲ್ಲಿ ಹೋಗಿದ್ದಳು. ದೊಡ್ಡವಳಾದ ಮೇಲೆ ಅವಳು ಫೋಟೋಗೆ ನಿಂತಿದ್ದು ಆ ಆನೇಮಹಲ್ ಮದುವೆಯಲ್ಲಿ ಒಂದೇ ಸಲ, ಸಾಲಿನ ಕೊನೆಯಲ್ಲಿ. ಆಲ್ಬಮ್ಮಿಗೆ ಆ ಫೋಟೋ ಆರಿಸಿರಲಿಲ್ಲ. ಕಂಪ್ಯೂಟರಿನಲ್ಲಿ ತೆರೆದೆ. ಪಕ್ಕದವಳ ಹೆಗಲ ಮೇಲಿಟ್ಟ ಆ ಹುಡುಗಿಯ ನಾಲ್ಕು ಬೆರಳು ಮಾತ್ರ ಉಳಿದಿದ್ದವು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಅಂದರು, "ನನ್ ಕೈ ತಪ್ಪು ಕಣವ್ವ. ನಾನೇ ಅಳಿಸಾಕ್ಬುಟ್ಟೆ."

ಗಿರಿಜಮ್ಮ ಆ ಬೆರಳುಗಳನ್ನು ನೋಡುತ್ತ ಕೂತಿದ್ದು, ಒಂದು ಮಾತೂ ಆಡದೆ ಎದ್ದು ಬಸ್ಸಿಗೆ ಹೋದರು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ.

"ನೀನಿನ್ನೂ ಬೇಕಾದಷ್ಟು ಜನಕ್ಕೆ ಮುಖ ತೋರಿಸ್ಬೇಕು. ನಂದೇನೈತೆ" ಅಂದರು ಅಣ್ಣ. ಬೈಯಲಿಲ್ಲ. ಮಾರನೆಯ ದಿನ ಕೋಡ್ ತಿದ್ದಿದೆ. ಬದಲಾಯಿಸಬೇಕಾದ್ದು ಒಂದೇ ಸಾಲು.

ನಾಲ್ಕು ವರ್ಷದ ಮೇಲೆ ಅಣ್ಣ ಹೃದಯಾಘಾತದಿಂದ ತೀರಿಕೊಂಡರು. ಹೆಣವನ್ನು ಮನೆ ಮುಂದೆ ಮಲಗಿಸಿದ್ದರು. ಗಿರಿಜಮ್ಮ ಬಂದು ಅವರ ಬಲಗೈ ಹಿಡಿದು ಕೂತರು. ಆಮೇಲೆ ನನ್ನನ್ನು ಗುರುತಿಸಿದರು.

"ಅವತ್ತು ಮಾತಾಡ್ದೆ ಹೋಗ್ಬುಟ್ಟೆ ಕಣಪ್ಪ. ಕೈ ತಪ್ಪು ಯಾರಿಗಾಗಲ್ಲ? ನಂಗೆ ಸಿಟ್ಟಿಲ್ಲ ಅಂತ ಒಂದ್ಮಾತು ಹೇಳಾನ ಅಂತಲೇ ಇದ್ದೆ. ಪಾಪ, ಅದನ್ನೇ ಮನಸಲ್ಲಿಟ್ಕಂಡು ಹೋದ್ರೋ ಏನೋ."

ಈಗಲಾದರೂ ನಾನು ನಿಜ ಹೇಳಬಹುದಿತ್ತು.

"ಹೂಂ ಕಣಮ್ಮ, ಒಳ್ಳೆಯವ್ರು" ಅಂದೆ.