ಎರಡು ಪೊಟ್ಟಣದಲ್ಲೂ ಕೆಂಪು ಹೂವು

ಎರಡು ಪೊಟ್ಟಣದಲ್ಲೂ ಕೆಂಪು ಹೂವನ್ನೇ ಕಟ್ಟಿಟ್ಟವಳು ನಾನು. ಚಂದ್ರಾಳ ಮದುವೆ ಬೇಡವೆಂದದ್ದು ದೇವಿಯಲ್ಲ, ಅವಳ ಹಣೆಬರಹವೂ ಅಲ್ಲ — ನಾನು, ಅವಳ ಅತ್ತಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಶುರುಮಾಡಿದರೆ ನನ್ನ ಪರವಾಗಿ ನಾನೇ ವಾದ ಮಾಡಿಬಿಡುತ್ತೇನೆ. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ, ಅದಕ್ಕೇ ಸಂಬಳ ಕೊಡುತ್ತಾರೆ.

ಸೇಲಂ ಹತ್ತಿರದ ಒಂದು ನೂಲಿನ ಮಿಲ್ಲಿನಲ್ಲಿ ಇವತ್ತು ಇಡೀ ಹಣಕಾಸು ವಿಭಾಗ ನನ್ನ ಕೈಯಲ್ಲಿದೆ. ಹುಟ್ಟಿದ್ದು ಸೇಲಂ ಪೇಟೆಯ ಮಗ್ಗದ ಮನೆಯಲ್ಲಿ, ಮದುವೆಯಾಗಿ ಹೋದದ್ದೂ ಮಗ್ಗದ ಮನೆಗೇ. ಮನೆಮಾತು ಕನ್ನಡ, ಶಾಲೆಯ ಮಾತು ತಮಿಳು. ಕನ್ನಡ ಅಕ್ಷರ ಕಲಿತದ್ದು ಸಿ.ಎ. ಓದುತ್ತ ಬೆಂಗಳೂರಿನ ಆಡಿಟರೊಬ್ಬರ ಬಳಿ ಕೆಲಸ ಕಲಿತ ವರ್ಷಗಳಲ್ಲಿ, ಬಸ್ಸಿನ ಬೋರ್ಡು ಓದಿ ಓದಿ. ಆ ಓದು ಮುಗಿಯುವ ಮೊದಲೇ ಮದುವೆಯಾಯಿತು. ಪರೀಕ್ಷೆಗೆ ಮತ್ತೆ ಮತ್ತೆ ಕೂತು, ಕೊನೆಗೆ ಪಾಸಾದಾಗ ಮಗಳು ನಿತ್ಯಾ ನಡೆಯಲು ಕಲಿತಿದ್ದಳು.

ಪಾಸಾದದ್ದು ನಾನು ಎಂದು ಎಲ್ಲರೂ ಹೇಳುತ್ತಾರೆ — ಅರ್ಧ ಚಂದ್ರಾ ಪಾಸು ಮಾಡಿಸಿದ್ದು. ಚಂದ್ರಾ ನನ್ನ ಗಂಡ ಶೇಖರನ ತಂಗಿ. ಅತ್ತೆ ತೀರಿಕೊಂಡ ಮೇಲೆ ಮನೆ ಹೊತ್ತವಳು ಅವಳೇ. ಮುಂದಿನ ಕೋಣೆಯಲ್ಲಿ ರೇಷ್ಮೆ ಪಂಚೆ ನೇಯುತ್ತಿದ್ದಳು. ನನ್ನ ಪರೀಕ್ಷೆ ಹತ್ತಿರ ಬಂದರೆ, ನಾನು ಕೇಳದಿದ್ದರೂ, ಹಗಲೆಲ್ಲ ಮಗ್ಗ ನಿಲ್ಲಿಸಿ ಮಗುವನ್ನು ಎತ್ತಿಕೊಂಡು ಬೀದಿಗೆ ಹೋಗಿಬಿಡುತ್ತಿದ್ದಳು. ಮಗ್ಗದ ಸದ್ದಿಗೆ ನನಗೆ ಓದು ಹತ್ತುವುದಿಲ್ಲವಂತೆ! ಮಗ್ಗದ ಸದ್ದಿನಲ್ಲೇ ಬೆಳೆದವಳು ನಾನು. ಆದರೂ ಬೇಡ ಎನ್ನಲಿಲ್ಲ, ಆ ಮೌನ ಹಿತವಾಗಿತ್ತು. ಪಡೆದುಕೊಳ್ಳುವುದು ಅಲ್ಲಿಂದಲೇ ಅಭ್ಯಾಸವಾಯಿತೇನೋ.

ನಿತ್ಯಾಳಿಗೆ ಐದು ತುಂಬಿ, ಮಗ ಇನ್ನೂ ತೊಟ್ಟಿಲಲ್ಲಿದ್ದಾಗ, ಪಾಸಾದ ಮೇಲೆ ನಾನು ಸೇರಿದ್ದ ಈ ಮಿಲ್ಲಿನ ಹಣಕಾಸು ಮ್ಯಾನೇಜರು ನಿವೃತ್ತರಾದರು. ಆ ಜಾಗಕ್ಕೆ ನನ್ನ ಹೆಸರೂ ಇತ್ತು. ಎಂ.ಡಿ. ಕರೆದು ಕೂರಿಸಿ, ಬ್ಯಾಂಕಿನ ವಿಷಯ, ಹತ್ತಿಯ ಬೆಲೆಯ ವಿಷಯ ಎಲ್ಲ ಕೇಳಿ ಮುಗಿಸಿ, ಕೊನೆಗೆ ತಮಿಳಿನಲ್ಲಿ ಮೆಲ್ಲಗೆ ಕೇಳಿದರು — ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ನನ್ನ ಜೊತೆ ಆ ಜಾಗಕ್ಕೆ ನಿಂತಿದ್ದ ಇಬ್ಬರು ಗಂಡಸರಿಗೂ ಮಕ್ಕಳಿದ್ದವು. ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ. ನನಗೆ ಮೈ ಉರಿಯಿತು. ನಾದಿನಿ ಇದ್ದಾಳೆ ಎಂದೆ. ಅವರಿಗೆ ಮದುವೆಯಾಗಿ ಹೋದರೆ ಎಂದರು.

"ಅವ ಎಂಗಯುಂ ಪೋಗಮಾಟ್ಟಾ, ಸಾರ್."

ಅವಳೆಲ್ಲೂ ಹೋಗುವುದಿಲ್ಲ — ಅಷ್ಟು ಸಲೀಸಾಗಿ ಹೇಳಿದೆ. ಆ ಪ್ರಶ್ನೆ ತಪ್ಪು, ಇವತ್ತಿಗೂ ತಪ್ಪು ಎನ್ನುತ್ತೇನೆ. ನನ್ನ ಕೈಕೆಳಗೆ ಕೆಲಸಕ್ಕೆ ಬರುವ ಯಾವ ಹೆಣ್ಣುಮಗಳನ್ನೂ ಯಾರೂ ಅದನ್ನು ಕೇಳಲು ನಾನು ಬಿಟ್ಟಿಲ್ಲ. ಆದರೆ ಅವರ ತಪ್ಪಿಗೆ ಉತ್ತರವಾಗಿ ಚಂದ್ರಾಳ ಬದುಕನ್ನು ಎತ್ತಿ ಕೊಟ್ಟದ್ದು ನನ್ನ ತಪ್ಪು. ಒಂದನ್ನು ತೋರಿಸಿ ಇನ್ನೊಂದನ್ನು ಸಣ್ಣದು ಮಾಡಲಾರೆ.

ಅದೇ ವಾರ ಕಂಬೈನಲ್ಲೂರಿನಿಂದ ಸಂಬಂಧ ಬಂತು. ಹುಡುಗ ಗೋವಿಂದ, ನಮ್ಮವರೇ, ಅಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ. ಅಕ್ಕನನ್ನು ಕರೆದುಕೊಂಡು ಬಂದಿದ್ದರು. ಕಾಫಿ ಕುಡಿದ ಗೋವಿಂದ ಸುಮ್ಮನೆ ಕೂರದೆ ಮಗ್ಗದ ಹತ್ತಿರ ಹೋಗಿ ಪಂಚೆಯ ಅಂಚು ನೋಡಿ, ಇದನ್ನು ಯಾರು ನೇಯ್ದದ್ದು ಎಂದು ಕೇಳಿದರು. ತಲೆ ತಗ್ಗಿಸಿ ನಿಂತಿದ್ದ ಚಂದ್ರಾ ತಲೆಯೆತ್ತಿ, ನಾನೇ ಎಂದಳು. ಆಮೇಲೆ ಇಬ್ಬರೂ ಅಂಚಿನ ಬಣ್ಣದ ಬಗ್ಗೆ ಎಷ್ಟೋ ಹೊತ್ತು ಮಾತಾಡಿದರು. ಹೆಣ್ಣು ನೋಡಲು ಬಂದದ್ದು ಇಬ್ಬರಿಗೂ ಮರೆತೇ ಹೋದಂತಿತ್ತು. ಅವರು ಹೋದ ಮೇಲೆ ಅವಳು ಲೋಟ ತೊಳೆಯುತ್ತ ನನ್ನನ್ನು ಕೇಳಿದಳು.

"ಅತ್ತಿಗೆ, ಅವ್ರು ಒಳ್ಳೇವ್ರಂಗೆ ಅವ್ರೆ, ಅಲ್ವಾ?"

ಅಲ್ಲಿಯವರೆಗೆ ಅವಳು ತನಗಾಗಿ ನನ್ನನ್ನು ಏನೂ ಕೇಳಿರಲಿಲ್ಲ. ಹೌದು, ಒಳ್ಳೆಯವರೇ ಎಂದೆ. ಅದೂ ನಿಜವೇ.

ನಮ್ಮಲ್ಲಿ ಸಂಬಂಧ ಒಪ್ಪುವ ಮೊದಲು ಚೌಡೇಶ್ವರಿಯ ಗುಡಿಯಲ್ಲಿ ಹೂವು ಕೇಳುತ್ತಾರೆ. ಒಂದು ಬಿಳಿ ಕಣಗಿಲೆ, ಒಂದು ಕೆಂಪು ಕಣಗಿಲೆ. ಎರಡನ್ನೂ ಬಾಳೆಲೆಯ ತುಂಡಿನಲ್ಲಿ ಒಂದೇ ತರಹ ಸುತ್ತಿ, ನಾರಿನಿಂದ ಕಟ್ಟಿ, ದೇವಿಯ ಮುಂದೆ ಇಡುವುದು. ಮನೆಯ ಚಿಕ್ಕ ಮಗು ಒಂದನ್ನು ಎತ್ತಿಕೊಡಬೇಕು. ಬಿಳಿ ಬಂದರೆ ದೇವಿ ಒಪ್ಪಿದಳು. ಕೆಂಪು ಬಂದರೆ ಬೇಡ. ಉಳಿದ ಪೊಟ್ಟಣವನ್ನು ಯಾರೂ ಬಿಚ್ಚುವ ಹಾಗಿಲ್ಲ — ಬಿಚ್ಚಿದರೆ ದೇವಿಯನ್ನೇ ಪರೀಕ್ಷೆ ಮಾಡಿದಂತೆ. ಪೊಟ್ಟಣ ಕಟ್ಟುವುದು ಹೆಣ್ಣಿನ ಮನೆಯ ಹಿರಿಯ ಮುತ್ತೈದೆಯ ಕೆಲಸ. ಆ ಮನೆಯಲ್ಲಿ ಅದು ನಾನು.

ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹಿತ್ತಲಲ್ಲಿ ಒಬ್ಬಳೇ ಕೂತು ಕಟ್ಟಿದೆ. ಕೈ ನಡುಗಿತು ಎಂದು ಬರೆಯಬೇಕೆನಿಸುತ್ತದೆ — ನಡುಗಲಿಲ್ಲ. ಒಂದೇ ಒಂದು ವರ್ಷ ಎಂದುಕೊಂಡೆ. ಕೆಲಸ ಕೈಗೆ ಬಂದು, ಮಗ ಸ್ವಲ್ಪ ದೊಡ್ಡವನಾದರೆ, ಚಂದ್ರಾಳಿಗೆ ಇದಕ್ಕಿಂತ ಒಳ್ಳೆಯ ಗಂಡು ನಾನೇ ಹುಡುಕುತ್ತೇನೆ… ಬಿಳಿ ಹೂವನ್ನು ಪಾತ್ರೆ ತೊಳೆದ ನೀರು ಹರಿಯುವ ಕಡೆ ಎಸೆದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ನಾನು ದೇವರನ್ನು ಬಾಯಿ ತೆರೆಯಲೂ ಬಿಡಲಿಲ್ಲ.

ನಿತ್ಯಾ ಹೊಸ ಪಾವಡೆ ಉಟ್ಟು ಬಂದಿದ್ದಳು. ಎರಡರ ಮೇಲೂ ಕೈಯಾಡಿಸಿ, ಅತ್ತೆ ಚಂದ್ರಾಳ ಮುಖ ನೋಡಿ ನಕ್ಕು, ಒಂದನ್ನು ಎತ್ತಿಕೊಟ್ಟಳು. ಪೂಜಾರಿ ಬಿಚ್ಚಿದರು. ಉಳಿದದ್ದನ್ನು ನಾನೇ ಎತ್ತಿ ಹೂವಿನ ಬುಟ್ಟಿಗೆ ಹಾಕಿದೆ. ಚಂದ್ರಾ ಆ ಕೆಂಪು ಹೂವನ್ನು ಕಣ್ಣಿಗೊತ್ತಿಕೊಂಡು ಜಡೆಗೆ ಮುಡಿದುಕೊಂಡಳು — ದೇವಿ ಕೊಟ್ಟದ್ದನ್ನು ಬಿಸಾಡಬಾರದು ಎಂದು. ಸಂಜೆಯವರೆಗೂ ಅದು ಅವಳ ತಲೆಯಲ್ಲೇ ಇತ್ತು. ಸಂಜೆ ನಾನು ಅವಳ ಕೈಯಿಂದ ಕಾಫಿ ಇಸಿದುಕೊಂಡು ಕುಡಿದೆ.

ಕೆಲಸ ನನಗೆ ಬಂತು. ಆಮೇಲೆ ಅದಕ್ಕಿಂತ ದೊಡ್ಡದು, ಅದಕ್ಕಿಂತ ದೊಡ್ಡದು. ಕೆಲಸಕ್ಕೆ ನಾನು ಯೋಗ್ಯಳೇ ಆಗಿದ್ದೆ, ಅದರಲ್ಲಿ ಸುಳ್ಳು ವಿನಯ ಬೇಡ. ಮಿಲ್ಲು ಮುಚ್ಚುವ ಸ್ಥಿತಿಗೆ ಬಂದಾಗ ಬ್ಯಾಂಕಿನವರ ಎದುರು ಕೂತು ಉಳಿಸಿದವಳು ನಾನು. ಆ ಹೊತ್ತಿನಲ್ಲೆಲ್ಲ ಮಕ್ಕಳ ಜ್ವರ, ಶಾಲೆಯ ವ್ಯಾನು, ಮಗಳು ದೊಡ್ಡವಳಾದ ದಿನದ ಅಳು, ಇವನ್ನೆಲ್ಲ ಚಂದ್ರಾ ನೋಡಿಕೊಂಡಳು. ಶೇಖರ ಧರ್ಮಪುರಿಯ ಸರ್ಕಾರಿ ಆಫೀಸಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ನಾನಂದುಕೊಂಡ ಒಂದು ವರ್ಷ ಮುಗಿಯಲೇ ಇಲ್ಲ. ಬೇರೆ ಸಂಬಂಧಗಳು ಬಂದವು. ನಾನು ತಡೆಯಬೇಕಾಗಿಯೂ ಬರಲಿಲ್ಲ, ಅವಳೇ ಬೇಡವೆಂದಳು. ಚೌಡಮ್ಮ ಒಂದು ಸಲ ಹೇಳಿಯಾಯಿತು, ಮತ್ತೆ ಮತ್ತೆ ಕೇಳಿ ಅವಳಿಗೇಕೆ ಬೇಸರ ಮಾಡುವುದು ಎಂದು. ನನ್ನ ಸುಳ್ಳನ್ನು ಅವಳ ಭಕ್ತಿಯೇ ಕಾಪಾಡಿಕೊಂಡು ಬಂತು. ನಾನೂ ಆರಾಮಾಗಿ ಬಿಟ್ಟುಬಿಟ್ಟೆ… ಛೆ, ಆರಾಮಾಗಿಯೇ.

ಈ ವರ್ಷ ಸೇಲಂನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮಾತಾಡಲು ಕರೆದಿದ್ದರು. ಒಬ್ಬ ಹುಡುಗಿ ಎದ್ದು, ಮನೆ ಮಕ್ಕಳನ್ನು ಇಟ್ಟುಕೊಂಡು ಇಷ್ಟು ಮೇಲೆ ಹೇಗೆ ಬಂದಿರಿ ಎಂದು ಕೇಳಿದಳು. ಛಲ ಇದ್ದರೆ ಎಲ್ಲ ತಾನಾಗಿ ಕೂಡಿಬರುತ್ತದೆ ಎಂದೆ. ಮುಂದಿನ ಸಾಲಿನಲ್ಲಿ ಕೂತು ಚಂದ್ರಾ ಚಪ್ಪಾಳೆ ತಟ್ಟಿದಳು. ವಾಪಸು ಬರುವಾಗ ಕಾರಿನಲ್ಲಿ ನಿತ್ಯಾಳಿಗೆ ಹೇಳಿದಳು — ಅವತ್ತು ಚೌಡಮ್ಮ ಕೆಂಪು ಹೂವು ಕೊಟ್ಟದ್ದು ಇದಕ್ಕೇ ಇರಬೇಕು, ನಿಮ್ಮಮ್ಮ ಇಷ್ಟು ದೊಡ್ಡವಳಾಗಲಿ ಎಂದು. ನಿತ್ಯಾ ಕಿಟಕಿಯ ಕಡೆ ತಿರುಗಿದಳು. ಕಾಲೇಜು ಮುಗಿಸಿದ ಹುಡುಗಿ, ಹೂವು ಗೀವು ನಂಬುವವಳಲ್ಲ.

"ನಾನ್ ಇನ್ನೊಂದ್ ತೆಗ್ದಿದ್ರೆ ಆಗ್ತಿತ್ತು ಅಂತ ಎಷ್ಟ್ ಸಲ ಅಂದ್ಕಂಡಿದ್ದೀನಿ ಗೊತ್ತಾ ಅತ್ತೆ."

ನನ್ನ ಪಾಪವನ್ನು ನನ್ನ ಮಗಳು ಐದನೆಯ ವಯಸ್ಸಿನಿಂದ ಹೊತ್ತುಕೊಂಡಿದ್ದಾಳೆ — ನನಗೆ ಗೊತ್ತೇ ಇರಲಿಲ್ಲ. ಗೊತ್ತು ಮಾಡಿಕೊಳ್ಳುವಷ್ಟು ಹೊತ್ತು ನಾನು ಮನೆಯಲ್ಲಿದ್ದರೆ ತಾನೆ. ಅಲ್ಲೇ ತೀರ್ಮಾನ ಮಾಡಿದೆ. ನನಗೆ ತೀರ್ಮಾನ ಮಾಡಿದ ಮೇಲೆ ತಡಮಾಡುವ ಅಭ್ಯಾಸವಿಲ್ಲ.

ಭಾನುವಾರ ಊಟವಾಗಿ ಮಗ ಆಟಕ್ಕೆ ಹೋದ ಮೇಲೆ ಶೇಖರ, ಚಂದ್ರಾ, ನಿತ್ಯಾ ಮೂವರನ್ನೂ ಕೂರಿಸಿಕೊಂಡು ಹೇಳಿದೆ. ಕಾರಣಗಳನ್ನು ಹೇಳಲಿಲ್ಲ. ಎಂ.ಡಿ. ಕೇಳಿದ್ದನ್ನೂ ಹೇಳಲಿಲ್ಲ. ಎರಡೂ ಕೆಂಪು, ಕಟ್ಟಿದ್ದು ನಾನು, ಬೇಕೆಂದೇ ಕಟ್ಟಿದ್ದು. ಹಾಗಾದರೆ ನಾನು ಯಾವುದು ತೆಗೆದಿದ್ದರೂ, ಎಂದು ನಿತ್ಯಾ ಅರ್ಧಕ್ಕೇ ನಿಲ್ಲಿಸಿದಳು. ಹೌದು ಮಗಳೇ ಎಂದೆ. ಶೇಖರ ಎದ್ದು ಜಗಲಿಗೆ ಹೋಗಿ ನಿಂತ. ಚಂದ್ರಾ ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು.

"ಅದಾದ್ಮ್ಯಾಕೆ ಅವ್ರು ಒಂದ್ಸಲಾನೂ ಕೇಳ್ಕಂಡ್ ಬರ್ಲಿಲ್ವಾ?"

ಇದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಇಲ್ಲ ಎಂದುಬಿಡಬಹುದಿತ್ತು, ತಿಳಿದವರು ನಾನು ಮತ್ತು ಗೋವಿಂದ ಮಾತ್ರ. ಅವರಿಗೆ ಆಮೇಲೆ ಬೇರೆ ಕಡೆ ಮದುವೆಯಾಗಿ, ಮಕ್ಕಳೂ ದೊಡ್ಡವರಾಗಿದ್ದಾರೆ. ಇಲ್ಲ ಎಂದರೆ ಅವಳಿಗೂ ನೋವು ಕಡಿಮೆಯಾಗುತ್ತದೆ ಎಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು… ಆ ಹಳೆಯ ಬುದ್ಧಿಯ ಕುತ್ತಿಗೆ ಹಿಡಿದು ಹೇಳಿದೆ.

"ಬಂದಿದ್ರು ಚಂದ್ರಾ. ಮರುವರ್ಷ, ಮಿಲ್ಲತ್ರ. ಹೂವು ಗೀವು ನಾನ್ ನಂಬಲ್ಲ, ಅವಳ್ನೇ ಒಂದ್ ಮಾತ್ ಕೇಳಿ ಅಂದ್ರು. ಅವಳ್ಗೆ ಮನಸ್ಸಿಲ್ಲ ಅಂತ ನಾನೇ ಕಳ್ಸಿಬಿಟ್ಟೆ."

ಆಗ ಅವಳ ಮುಖ ನೋಡಿದೆ. ನೋಡಲೇಬೇಕಿತ್ತು. ಮೊದಲನೆಯದನ್ನು ಒಂದು ಬೆಳಗಿನ ದುರ್ಬುದ್ಧಿ ಎನ್ನಬಹುದೇನೋ. ಇದಕ್ಕೆ ಹೆಸರಿಲ್ಲ.

"ಚೌಡಮ್ಮ ಬ್ಯಾಡ ಅಂದ್ಲು ಅಂತ ಅವಳ್ ಮ್ಯಾಲೆ ಒಂದಿನಾನೂ ಕ್ವಾಪ ಮಾಡ್ಕಂಡಿಲ್ಲ ನಾನು," ಎಂದಳು. "ಈಗ ನಿಮ್ ಮ್ಯಾಲೆ ಮಾಡ್ಕಬೇಕು. ಎಂಗಂತ ಗೊತ್ತಾಯ್ತಿಲ್ಲ ಅತ್ತಿಗೆ."

ಎರಡು ದಿನ ಬಿಟ್ಟು ಪಾಪಿರೆಡ್ಡಿಪಟ್ಟಿಯ ಚಿಕ್ಕಮ್ಮನ ಮಗಳ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು "ಓಯ್ತೀನಿ" ಎಂದಳು. ಮನೆ ಬಿಟ್ಟು ಹೊರಡುವ ಯಾರೂ ನಮ್ಮಲ್ಲಿ ಬರೀ ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ. ಬರುತ್ತೇನೆ ಎನ್ನು ಎಂದು ಕೇಳುವ ಹಕ್ಕು ನನಗಿರಲಿಲ್ಲ, ಕೇಳಲಿಲ್ಲ. ನಿತ್ಯಾಳ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ನನ್ನ ಹೆಸರು ಎತ್ತುವುದಿಲ್ಲವಂತೆ. ಕ್ಷಮಿಸು ಎಂದು ನಾನು ಹೇಳಿ ಕಳಿಸಿಲ್ಲ. ಕ್ಷಮೆಯನ್ನೂ ಅವಳ ಕೈಯಿಂದ ಇಸಿದುಕೊಂಡು ಕುಡಿಯಲಾರೆ.

ಮಿಲ್ಲಿನವರಿಗೆ ಹೇಳಿದ್ದೇನೆ, ಇನ್ನು ಮೇಲೆ ದೀಪ ಹಚ್ಚುವ ಹೊತ್ತಿಗೆ ನಾನು ಹೊರಡುತ್ತೇನೆ, ಭಾನುವಾರ ನನ್ನನ್ನು ಕರೆಯಬೇಡಿ ಎಂದು. ಯಾಕೆ ಎಂದು ಕೇಳಿದರು. ಮನೆಯಲ್ಲಿ ಕೆಲಸವಿದೆ ಎಂದೆ. ಚಂದ್ರಾಳಿಗೆ ಕೋಪ ಬಂದೇ ಬರುತ್ತದೆ, ಅದು ಬರುವ ದಿನ ನಾನು ಮನೆಯಲ್ಲಿರುತ್ತೇನೆ.